ಕ್ಲಚ್ ಆಯಿಲ್ ಎಲ್ಲಿ ಸೋರುತ್ತಿತ್ತು

ನಮ್ಮ ಡೀಸೆಲ್ ಕಾರಿನ ಕ್ಲಚ್ ಒಂದೇ ದಿನಕ್ಕೆ ಕೈಕೊಟ್ಟಿದ್ದಲ್ಲ. ಮೊದಲು ರಿವರ್ಸ್ ಹಾಕುವಾಗ ಗೇರು ಕರ್ ಅನ್ನತೊಡಗಿತು. ಆಮೇಲೆ ನಿಂತಲ್ಲಿಂದ ಫಸ್ಟ್ ಗೇರ್ ಹಾಕಲು ಲಿವರನ್ನು ಜೋರಾಗಿ ತಳ್ಳಬೇಕಾಯಿತು. ಪೆಡಲ್ ಮೆತ್ತಗಾಗುತ್ತಾ ಬಂತು. ಎರಡು ಮೂರು ಸಲ ಬೇಗ ಬೇಗ ಒತ್ತಿದರೆ ಮತ್ತೆ ಗಟ್ಟಿಯಾಗುತ್ತಿತ್ತು. ಹಾಸನದ ಪೇಟೆಯೊಳಗೆ ಹೇಗೋ ನಡೆಯಿತು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಲಾರಿಗಳ ಸಾಲಿನಲ್ಲಿ ನಿಂತಿದ್ದೆವು. ಹೊರಡೋಣ ಅಂತ ಕ್ಲಚ್ ಒತ್ತಿದರೆ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕೂತಿತು. ಶೂ ತುದಿಯಿಂದ ಎತ್ತಿ ಮೇಲೆ ತಂದೆ. ಇನ್ನೊಂದು ವಿಷಯವನ್ನೂ ಅವತ್ತೇ ಗಮನಿಸಿದೆ: ಹ್ಯಾಂಡ್ ಬ್ರೇಕ್ ಇಳಿಸಿದ್ದರೂ ತಿರುವುಗಳಲ್ಲಿ ಬ್ರೇಕಿನ ಕೆಂಪು ದೀಪ ಮಿಣುಕುತ್ತಿತ್ತು.

ಈ ಎರಡನ್ನೂ ಸೇರಿಸಿ ನೋಡಿದರೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಕ್ಲಚ್ ಪ್ಲೇಟ್ ಸವೆದಿದ್ದರೆ ಲಕ್ಷಣವೇ ಬೇರೆ. ಎಂಜಿನ್ ಕೂಗುತ್ತದೆ, ಕಾರು ಮುಂದೆ ಹೋಗಲ್ಲ, ಏರಿನಲ್ಲಿ ಸುಟ್ಟ ವಾಸನೆ ಬರುತ್ತದೆ. ನಮ್ಮ ಕಾರಿನಲ್ಲಿ ಹಿಡಿತಕ್ಕೆ ಏನೂ ಕೊರತೆ ಇರಲಿಲ್ಲ, ಬಿಡುವುದೇ ಕಷ್ಟವಾಗಿತ್ತು. ಪೆಡಲ್ ಒತ್ತಿದರೂ ಪ್ಲೇಟ್ ಪೂರ್ತಿ ಬೇರೆಯಾಗುತ್ತಿರಲಿಲ್ಲ, ಹಾಗಾಗಿ ಗೇರ್ ಬಾಕ್ಸಿನ ಶಾಫ್ಟ್ ತಿರುಗುತ್ತಲೇ ಇರುತ್ತಿತ್ತು. ಎಷ್ಟೋ ಕಾರುಗಳಲ್ಲಿ ರಿವರ್ಸ್ ಗೇರಿಗೆ ಸಿಂಕ್ರೊ, ಅಂದರೆ ಗೇರುಗಳ ವೇಗ ಹೊಂದಿಸುವ ಉಂಗುರ, ಇರುವುದಿಲ್ಲ, ಅದಕ್ಕೇ ಅದು ಎಲ್ಲಕ್ಕಿಂತ ಮೊದಲು ಕೂಗುತ್ತದೆ. ಮತ್ತೆ ಮತ್ತೆ ಒತ್ತಿದರೆ ಸರಿಹೋಗುತ್ತದೆ ಅಂದರೆ ತೊಂದರೆ ಆಯಿಲ್ ಇರುವ ಕಡೆ ಇದೆ ಅಂತಲೇ ಅರ್ಥ.

ಹೈಡ್ರಾಲಿಕ್ ಕ್ಲಚ್‌ನಲ್ಲಿ ಕೇಬಲ್ ಇರುವುದಿಲ್ಲ. ಎರಡು ಇಂಜೆಕ್ಷನ್ ಸಿರಿಂಜುಗಳನ್ನು ಒಂದು ಪೈಪಿನಿಂದ ಜೋಡಿಸಿದ ಹಾಗೆ ಅದರ ಕೆಲಸ. ಪೆಡಲ್ ಹಿಂದೆ ಇರುವುದು ಮಾಸ್ಟರ್ ಸಿಲಿಂಡರ್. ಗ್ಯಾರೇಜಿನವರು ಅದನ್ನು ಅಪ್ಪರ್ ಅನ್ನುತ್ತಾರೆ. ಗೇರ್ ಬಾಕ್ಸ್ ಹತ್ತಿರ ಇರುವುದು ಸ್ಲೇವ್, ಅವರ ಬಾಯಲ್ಲಿ ಲೋವರ್. ಪೆಡಲ್ ಒತ್ತಿದಾಗ ಅಪ್ಪರ್‌ನಿಂದ ಹೊರಟ ಆಯಿಲ್ ಲೋವರ್‌ನ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ನಿನ ಕಡ್ಡಿ ಫೋರ್ಕನ್ನು ತಳ್ಳುತ್ತದೆ, ಫೋರ್ಕು ಬೇರಿಂಗನ್ನು ಪ್ರೆಷರ್ ಪ್ಲೇಟಿನ ಮೇಲೆ ಒತ್ತುತ್ತದೆ, ಅದು ಅದುಮಿ ಹಿಡಿದಿದ್ದ ಕ್ಲಚ್ ಪ್ಲೇಟ್ ಬಿಡುತ್ತದೆ. ಒಳಗಿರುವುದು ಬ್ರೇಕಿಗೆ ಹಾಕುವ ಅದೇ ಆಯಿಲ್. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಆಯಿಲ್ ಡಬ್ಬಿ ಒಂದೇ. ನಮ್ಮದೂ ಹಾಗೆ. ಕ್ಲಚ್ಚಿಗೆ ಹೋಗುವ ಕೊಳವೆಯನ್ನು ಡಬ್ಬಿಯಲ್ಲಿ ಸ್ವಲ್ಪ ಮೇಲೆ ಇಟ್ಟಿರುತ್ತಾರೆ. ಕ್ಲಚ್ ಕಡೆ ಎಷ್ಟೇ ಸೋರಿದರೂ ಬ್ರೇಕಿನ ಪಾಲಿನ ಆಯಿಲ್ ತಳದಲ್ಲಿ ಉಳಿಯಲಿ ಅಂತ. ಒಳ್ಳೆಯ ಏರ್ಪಾಡು. ಆದರೆ ಅದನ್ನೇ ನಂಬಿಕೊಂಡು ಘಾಟಿ ಇಳಿಯುವುದು ನನಗೆ ಒಪ್ಪಿಗೆಯಿಲ್ಲ. ಮಿಣುಕಿದ ಕೆಂಪು ದೀಪ ಈ ಡಬ್ಬಿಯ ಮಟ್ಟದ್ದೇ. ತಿರುವಿನಲ್ಲಿ ಆಯಿಲ್ ಒಂದು ಕಡೆಗೆ ವಾಲಿದಾಗ ಫ್ಲೋಟ್ ಕೆಳಗಿಳಿದು ದೀಪ ಹತ್ತುತ್ತಿತ್ತು.

ವಾಪಸು ಬಂದ ಮೇಲೆ ಪೇಟೆಯ ಒಂದು ಗ್ಯಾರೇಜಿಗೆ ತೋರಿಸಿದೆ. ಅಲ್ಲಿಯ ಹುಡುಗ ಬಗ್ಗಿ ಗೇರ್ ಬಾಕ್ಸಿನ ತಳ ಮುಟ್ಟಿದ. ಬೆರಳಿಗೆ ಜಿಡ್ಡು ಹತ್ತಿತು. "ಗೇರ್ ಬಾಕ್ಸ್ ಸೀಲ್ ಹೋಗಿದೆ ಸಾರ್. ಇಳಿಸ್ಬೇಕು. ಇಳಿಸಿದ ಮೇಲೆ ಕ್ಲಚ್ ಸೆಟ್ಟೂ ಹಾಕ್ಬಿಡೋಣ" ಅಂದ. ಸುಮಾರು 15,000 ರೂಪಾಯಿ ಅಂದಾಜು ಹೇಳಿದರು. ಡಬ್ಬಿಯ ಮುಚ್ಚಳ ಯಾರೂ ತೆಗೆದು ನೋಡಲಿಲ್ಲ. ಡಬ್ಬಿಯಲ್ಲಿ ಆಯಿಲ್ ಇಳಿದಿದೆ ಅಂದರೆ ಅದು ಎಲ್ಲೋ ಹೊರಗೆ ಬಂದಿರಲೇಬೇಕು ಅಲ್ವಾ? ಎಲ್ಲಿ ಅಂತ ಗೊತ್ತಾಗುವ ಮುಂಚೆ ಗೇರ್ ಬಾಕ್ಸ್ ಇಳಿಸಲು ನನಗೆ ಮನಸ್ಸು ಒಪ್ಪಲಿಲ್ಲ. ಕಾರನ್ನು ಮನೆಗೆ ತಂದೆ.

ನಮ್ಮ ಬೀದಿಯಲ್ಲಿ ಒಬ್ಬರು ಮೇಸ್ತ್ರಿ ಇದ್ದಾರೆ. ಲಾರಿ ಗ್ಯಾರೇಜಿನಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ಮನೆಯಲ್ಲಿದ್ದಾರೆ. ಅವರನ್ನು ಕೇಳಿದೆ. "ಬಿಚ್ಚೋದು ಆಮೇಲೆ ಸಾರ್. ಮೊದ್ಲು ಬಿದ್ದಿರೋದು ಏನು ಅಂತ ನೋಡಿ" ಅಂದರು.

ರಾತ್ರಿ ಕಾರಿನ ಮುಂಭಾಗದ ಕೆಳಗೆ ಅಗಲವಾದ ರಟ್ಟು ಹಾಸಿದೆ. ಬೆಳಿಗ್ಗೆ ಗೇರ್ ಬಾಕ್ಸ್ ಇರುವ ಎಡಗಡೆಯಲ್ಲಿ ಒದ್ದೆ ಕಲೆ. ಬಣ್ಣ ಅಂತ ಹೇಳಲು ಏನೂ ಇಲ್ಲ, ತಿಳಿ ಹಳದಿ. ಎಂಜಿನ್ ಆಯಿಲ್ ಆಗಿದ್ದರೆ, ಅದೂ ಡೀಸೆಲ್ ಕಾರಿನದು, ಕಪ್ಪಗಿರುತ್ತಿತ್ತು. ಕೂಲೆಂಟಿಗೆ ಹಸಿರೋ ಗುಲಾಬಿಯೋ ಬಣ್ಣ ಇರುತ್ತದೆ. ಗೇರ್ ಆಯಿಲ್‌ಗೆ ಗಂಧಕದ ಘಾಟು ಇರುತ್ತದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ಇದರಲ್ಲಿ ಆ ಘಾಟು ಇರಲಿಲ್ಲ. ಆದರೂ ಮೂಗನ್ನೇ ನಂಬುವುದು ಬೇಡ ಅಂತ ಮೇಸ್ತ್ರಿ ನೀರಿನ ಪರೀಕ್ಷೆ ಹೇಳಿಕೊಟ್ಟರು.

ಇದು ಬಹಳ ಸುಲಭ. ಎರಡು ಬಿಳಿ ಮುಚ್ಚಳಗಳಲ್ಲಿ ನೀರು ತೆಗೆದುಕೊಂಡೆ. ಒಂದಕ್ಕೆ ಮನೆಯಲ್ಲಿದ್ದ ಗೇರ್ ಆಯಿಲ್ ಒಂದು ಹನಿ ಬಿಟ್ಟೆ. ಅದು ಮೇಲೆ ತೇಲಿ ಬಣ್ಣ ಬಣ್ಣದ ಉಂಗುರ ಮಾಡಿಕೊಂಡು ನಿಂತಿತು. ಇನ್ನೊಂದಕ್ಕೆ ಗೇರ್ ಬಾಕ್ಸಿನ ಅಂಚಿನಲ್ಲಿ ನೇತಾಡುತ್ತಿದ್ದ ಹನಿಯನ್ನು ಕಡ್ಡಿಯಿಂದ ತೆಗೆದು ಬಿಟ್ಟೆ. ಅದು ತೇಲಲಿಲ್ಲ. ಕಡ್ಡಿಯಿಂದ ಕಲಕಿದೆ. ನೀರಿನಲ್ಲಿ ಬೆರೆತು ಮಾಯವಾಯಿತು. ಡಾಟ್ 3, ಡಾಟ್ 4 ಬ್ರೇಕ್ ಆಯಿಲ್‌ಗಳು ಗ್ಲೈಕಾಲ್ ಜಾತಿಯವು. ಆಯಿಲ್ ಅಂತ ಕರೆದರೂ ನೀರಿನಲ್ಲಿ ಕರಗುತ್ತವೆ. ಕೂಲೆಂಟೂ ನೀರಿನಲ್ಲಿ ಕರಗುತ್ತದೆ ನಿಜ, ಆದರೆ ಅದರ ಬಣ್ಣ ಉಳಿಯುತ್ತದೆ, ಮತ್ತೆ ನಮ್ಮ ರೇಡಿಯೇಟರ್ ಡಬ್ಬಿಯ ಮಟ್ಟ ಕೂದಲಷ್ಟೂ ಇಳಿದಿರಲಿಲ್ಲ. ಅಲ್ಲಿಗೆ ಗೇರ್ ಬಾಕ್ಸ್ ಸೀಲಿನ ಮಾತು ಮುಗಿಯಿತು. ಗೇರ್ ಬಾಕ್ಸಿನ ಮೇಲೆ ಇಳಿಯುತ್ತಿದ್ದದ್ದು ಕ್ಲಚ್ ಆಯಿಲ್.

ಇನ್ನು ಎಲ್ಲಿಂದ ಅನ್ನುವುದು. ಕ್ಲಚ್ ಆಯಿಲ್ ಸೋರಲು ಜಾಗ ಜಾಸ್ತಿ ಇಲ್ಲ. ಅಪ್ಪರ್, ಪೈಪು, ಅದರ ಜಾಯಿಂಟುಗಳು, ಲೋವರ್, ಅಷ್ಟೇ. ಮೊದಲು ಪೆಡಲ್ ಕಡೆ ನೋಡಿದೆ. ಅಪ್ಪರ್‌ನ ಹಿಂದಿನ ಸೀಲ್ ಹೋದರೆ ಆಯಿಲ್ ಕಡ್ಡಿಯ ಗುಂಟ ಕಾರಿನೊಳಗೇ ಇಳಿಯುತ್ತದೆ. ಮ್ಯಾಟ್ ಎತ್ತಿ, ಕಾರ್ಪೆಟ್ ಒತ್ತಿ, ಪೆಡಲ್ ಮೇಲಿನ ಕಡ್ಡಿಯ ಸುತ್ತ ಬಿಳಿ ಟಿಶ್ಯೂ ಸವರಿದೆ. ಒಣಗಿತ್ತು. ಎಂಜಿನ್ ಕಡೆಯಿಂದ ಅಪ್ಪರ್‌ನ ಜಾಯಿಂಟ್ ಸವರಿದೆ. ಬರೀ ಧೂಳು.

ಲೋವರ್ ವಿಷಯಕ್ಕೆ ಬಂದರೆ ಒಂದು ಪ್ರಶ್ನೆಯ ಮೇಲೆ ಇಡೀ ಖರ್ಚು ನಿಂತಿದೆ. ಅದು ಹೊರಗಡೆ ಇದೆಯಾ, ಒಳಗಡೆ ಇದೆಯಾ? ಕೆಲವು ಕಾರುಗಳಲ್ಲಿ ಲೋವರ್ ಅನ್ನುವುದು ಬೇರಿಂಗ್ ಜೊತೆ ಸೇರಿ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಕವಚ) ಒಳಗೇ ಶಾಫ್ಟಿನ ಸುತ್ತ ಕೂತಿರುತ್ತದೆ. ಅದು ಸೋರಿದರೆ ಗೇರ್ ಬಾಕ್ಸ್ ಇಳಿಸದೆ ಬೇರೆ ದಾರಿಯಿಲ್ಲ, ಕ್ಲಚ್ ಪ್ಲೇಟಿಗೂ ಆಯಿಲ್ ತಾಗಿರುವ ಸಾಧ್ಯತೆ ಇರುತ್ತದೆ. ಅಂಥ ಕಾರಿನಲ್ಲಿ ಬೆಲ್ ಹೌಸಿಂಗಿನ ತಳದಿಂದ ಹನಿ ಬೀಳುತ್ತದೆ, ಮೇಲೆಲ್ಲ ಒಣಗಿರುತ್ತದೆ. ನಮ್ಮ ಕಾರಿನಲ್ಲಿ ಲೋವರ್ ಹೊರಗಡೆ, ಗೇರ್ ಬಾಕ್ಸಿನ ನೆತ್ತಿಯ ಮೇಲೆ, ಬ್ಯಾಟರಿಯ ಅಡಿಯಲ್ಲಿ. ಮೇಲಿನಿಂದ ಕಾಣುವುದೇ ಇಲ್ಲ.

ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಬಿಚ್ಚಿ, ಬ್ಯಾಟರಿ, ಅದರ ತಟ್ಟೆ, ಏರ್ ಫಿಲ್ಟರ್ ಡಬ್ಬ ಎಲ್ಲ ತೆಗೆದೆ. ಟಾರ್ಚ್ ಬಿಟ್ಟರೆ ದಾರಿ ಕಣ್ಣಿಗೇ ಕಾಣಿಸಿತು. ಲೋವರ್‌ನ ರಬ್ಬರ್ ಟೋಪಿಯಿಂದ ಶುರುವಾಗಿ ಗೇರ್ ಬಾಕ್ಸಿನ ಮೈಮೇಲೆ ಒಂದು ಒದ್ದೆ ಪಟ್ಟಿ ಕೆಳಗೆ ಇಳಿದಿತ್ತು. ಆ ಪಟ್ಟಿಯ ಮೇಲೆ ಧೂಳು ಮೆತ್ತಿಕೊಂಡಿತ್ತು, ಪಕ್ಕದಲ್ಲಿ ಪೇಂಟ್ ಸಿಪ್ಪೆ ಎದ್ದಿತ್ತು. ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಜಾಯಿಂಟು ಒಣಗಿತ್ತು. ಪೈಪು ಒಣಗಿತ್ತು. ಎಲ್ಲವನ್ನೂ ಒರೆಸಿ, ಮಗಳನ್ನು ಕರೆದು ಪೆಡಲ್ ಒತ್ತಲು ಹೇಳಿದೆ. ಅವಳು ಒತ್ತುತ್ತಾ ಹೋದಂತೆ ಟೋಪಿಯ ಅಂಚಿನಲ್ಲಿ ಒಂದು ಹನಿ ಮೂಡಿ, ದಪ್ಪವಾಗಿ, ಇಳಿಯಿತು.

ಟೋಪಿಯ ಅಂಚನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಎತ್ತಿದೆ. ಕಪ್ಪು ರಾಡಿ ಸುರಿಯಿತು. ಮೇಸ್ತ್ರಿ ಅದನ್ನು ಬೆರಳಲ್ಲಿ ಉಜ್ಜಿ ತೋರಿಸಿದರು. ಕಪ್ಪು ಬಣ್ಣ ರಬ್ಬರಿನದು. ಆಯಿಲ್ ಹೊರಬರದಂತೆ ತಡೆಯುವ ಒಳಗಿನ ರಬ್ಬರ್ ಕಪ್ ಸವೆದು ಪುಡಿಯಾಗಿ ಆಯಿಲ್ ಜೊತೆ ಬೆರೆತಿತ್ತು. ಟೋಪಿಯ ಒಳಗೆ ಲೇಶ ತೇವ ಇದ್ದರೆ ಅಷ್ಟು ಹೆದರಬೇಕಿಲ್ಲ, ಹೀಗೆ ಸುರಿದರೆ ಕಪ್ ಮುಗಿದಿದೆ ಅಂತಲೇ.

ಕಿಟ್ ಹಾಕುವುದಾ, ಲೋವರ್ ಪೂರ್ತಿ ಬದಲಿಸುವುದಾ ಅನ್ನುವುದನ್ನು ಬಿಚ್ಚಿ ನೋಡಿಯೇ ತೀರ್ಮಾನಿಸಿದೆವು. ಪೆಟ್ರೋಲ್ ಪಂಪಿನಲ್ಲಿ ಸಿಗುವ ಎಂಜಿನ್ ಆಯಿಲ್ ಬಾಟಲಿಗಿಂತ ಕಿಟ್ ಅಗ್ಗ, ಒಂದೆರಡು ರಬ್ಬರ್ ಕಪ್, ಒಂದು ಟೋಪಿ. ಸಿಲಿಂಡರಿನ ಒಳಗೋಡೆ ನಯವಾಗಿದ್ದರೆ ಅಷ್ಟೇ ಸಾಕು. ಪಿಸ್ಟನ್ ಹೊರತೆಗೆದು ಒಳಗೆ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದೆವು. ಪಿಸ್ಟನ್ ಯಾವಾಗಲೂ ವಿಶ್ರಾಂತಿಗೆ ನಿಲ್ಲುವ ಜಾಗದಲ್ಲಿ ಸಣ್ಣ ಸಣ್ಣ ಗುಳಿಗಳು. ಉಗುರು ಎಳೆದರೆ ತಡೆಯುತ್ತಿತ್ತು. "ಎಮರಿ ಹಾಕಿ ತಿಕ್ಕಿದ್ರೆ ನಾಲ್ಕು ದಿನ ಓಡುತ್ತೆ ಸಾರ್. ಹೊಸಾ ಕಪ್ಪನ್ನೂ ಇದೇ ತಿನ್ನುತ್ತೆ" ಅಂದರು ಮೇಸ್ತ್ರಿ. ಪೂರ್ತಿ ಲೋವರ್ ತರುವುದು ಅಂತ ಆಯಿತು.

ಆ ಗುಳಿಗಳು ಯಾಕೆ ಆಗುತ್ತವೆ ಅನ್ನುವುದನ್ನು ಕಾರಿಟ್ಟುಕೊಂಡವರೆಲ್ಲ ತಿಳಿದಿರಬೇಕು ಅಂತ ನನ್ನ ಆಸೆ. ಗ್ಲೈಕಾಲ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಮಲೆನಾಡಿನ ಅಂಚಿನ ನಮ್ಮ ಊರಿನಲ್ಲಿ ಮಳೆಗಾಲದ ಗಾಳಿ ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಹೊಸ ಡಾಟ್ 4 ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಅದರಲ್ಲಿ ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ ಹೊಸದಕ್ಕೆ 205, ನೀರು ಸೇರಿದರೆ 140. ಕ್ಲಚ್ಚಿನಲ್ಲಿ ಅಷ್ಟು ಬಿಸಿ ಇರಲ್ಲ, ಆದರೆ ಅದೇ ಡಬ್ಬಿಯಿಂದ ಬ್ರೇಕಿಗೂ ಹೋಗುತ್ತದಲ್ಲ. ಕ್ಲಚ್ ಕಡೆಯಲ್ಲಿ ನೀರಿನ ಕೆಲಸ ಬೇರೆ: ಆಯಿಲ್ ಇಲ್ಲಿ ಸುತ್ತಿ ಬರುವುದಿಲ್ಲ, ತಳದಲ್ಲಿ ಕೂತಿರುತ್ತದೆ, ನಿಧಾನಕ್ಕೆ ಲೋಹವನ್ನು ತಿನ್ನುತ್ತದೆ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಅನ್ನುತ್ತಾರೆ. ಬದಲಿಸುವಾಗ ನಾಲ್ಕು ಚಕ್ರದ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ಸಣ್ಣ ತಿರುಪು) ಬಿಚ್ಚುತ್ತಾರೆ, ಲೋವರ್‌ನ ನಿಪ್ಪಲ್ ಮಾತ್ರ ಮುಟ್ಟುವುದೇ ಇಲ್ಲ. ದಯವಿಟ್ಟು ಕೇಳಿ ಮಾಡಿಸಿಕೊಳ್ಳಿ.

ಹಾಸನದ ಅಂಗಡಿಗಳಲ್ಲಿ ನಮ್ಮ ಮಾಡೆಲಿನ ಲೋವರ್ ಇರಲಿಲ್ಲ. ಬೆಂಗಳೂರಿನಲ್ಲಿರುವ ನನ್ನ ಬಾಮೈದನಿಗೆ ಫೋನ್ ಮಾಡಿದೆ. ಅವನು ಜೆ.ಸಿ. ರಸ್ತೆಗೆ ಹೋಗಿ ಅಲ್ಲಿಂದ ವಾಪಸು ಫೋನ್ ಮಾಡಿದ. "ಬಾವ, ಎರಡಿದೆ ಇಲ್ಲಿ. ನೋಡೋಕೆ ಒಂದೇ ಥರ. ಯಾವುದು ಬೇಕು?" ಹಳೆಯ ಲೋವರ್ ನನ್ನ ಕೈಯಲ್ಲೇ ಇತ್ತು. ಒಳಗಿನ ಅಳತೆ 19.05 ಮಿಲಿಮೀಟರ್, ಅಂದರೆ ಮುಕ್ಕಾಲು ಇಂಚು. ಅಂಗಡಿಯವರು ಜೊತೆಗೆ ತೋರಿಸಿದ ಇನ್ನೊಂದು 20.64. ವ್ಯತ್ಯಾಸ ಒಂದೂವರೆ ಮಿಲಿಮೀಟರ್. ದೊಡ್ಡದನ್ನು ಹಾಕಿದರೂ ಬೋಲ್ಟುಗಳು ಸರಿಯಾಗಿ ಕೂರುತ್ತವೆ, ಪೆಡಲ್ ಇನ್ನೂ ಹಗುರ ಅನ್ನಿಸುತ್ತದೆ. ಆದರೆ ಅದೇ ಆಯಿಲ್ ಅಗಲವಾದ ಪಿಸ್ಟನ್ನನ್ನು ತಳ್ಳಬೇಕು, ಹಾಗಾಗಿ ಕಡ್ಡಿ ಹೋಗುವ ದೂರ ಶೇ 15ರಷ್ಟು ಕಮ್ಮಿಯಾಗುತ್ತದೆ. ಕ್ಲಚ್ ಪೂರ್ತಿ ಬಿಡುವುದೇ ಇಲ್ಲ, ಹೊಸ ಲೋವರ್ ಹಾಕಿಯೂ ರಿವರ್ಸ್ ಕೂಗುತ್ತದೆ. ಮುಕ್ಕಾಲು ಇಂಚಿನದ್ದೇ ತಗೋ ಅಂದೆ. ಅವನು ಸಂಜೆಯ ಬಸ್ಸಿಗೆ ಪಾರ್ಸೆಲ್ ಹಾಕಿದ. ಡಾಟ್ 4ರ ಸೀಲ್ ಒಡೆಯದ ಬಾಟಲಿಯನ್ನು ಇಲ್ಲೇ ತೆಗೆದುಕೊಂಡೆ. ಅರ್ಧ ಬಳಸಿ ಇಟ್ಟ ಬಾಟಲಿಯಲ್ಲಿ ಆಗಲೇ ತೇವ ಸೇರಿರುತ್ತದೆ. ಇನ್ನೊಂದು ಮಾತು, ಎಂಜಿನ್ ಆಯಿಲ್ಲನ್ನೋ ಪವರ್ ಸ್ಟೀರಿಂಗ್ ಆಯಿಲ್ಲನ್ನೋ ಈ ಡಬ್ಬಿಗೆ ಒಂದು ಹನಿಯೂ ಹಾಕಬಾರದು. ಒಳಗಿನ ರಬ್ಬರೆಲ್ಲ ಊದಿಕೊಂಡು ಬ್ರೇಕೂ ಹಾಳಾಗುತ್ತದೆ.

ಬಿಚ್ಚುವ ಮೊದಲು ಪೈಪಿನ ನಟ್ಟಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾದಿದ್ದೆ. ಆ ನಟ್ಟು ಮೆತ್ತನೆಯದು. ಮಾಮೂಲಿ ಸ್ಪ್ಯಾನರ್ ಹಾಕಿ ಎಳೆದರೆ ಮೂಲೆಗಳು ಸವೆದು ಉರುಟಾಗುತ್ತದೆ. ಒಂದು ಕಡೆ ಸೀಳಿರುವ ರಿಂಗ್ ಸ್ಪ್ಯಾನರನ್ನೇ ಪೈಪಿನ ಮೇಲಿಂದ ಇಳಿಸಿ ಬಿಚ್ಚಬೇಕು. ಹೊಸ ಲೋವರ್ ಜೋಡಿಸುವಾಗ ನಟ್ಟನ್ನು ಮೊದಲು ಬೆರಳಿನಲ್ಲೇ ತಿರುಗಿಸಿ, ಥ್ರೆಡ್ ಸರಿಯಾಗಿ ಹಿಡಿದಿದೆ ಅಂತ ಖಾತ್ರಿಯಾದ ಮೇಲೆ ಬಿಗಿ ಮಾಡಿದೆ. ಸುತ್ತಲೂ ಒದ್ದೆ ಬಟ್ಟೆ ಹಾಸಿದ್ದೆ, ಚೆಲ್ಲಿದ ಆಯಿಲ್ ಪೇಂಟಿಗೆ ತಾಗದಿರಲಿ ಅಂತ.

ಜೋಡಿಸುವುದಕ್ಕಿಂತ ಏರ್, ಅಂದರೆ ಪೈಪಿನೊಳಗೆ ಸೇರಿದ ಗಾಳಿ, ತೆಗೆಯುವುದಕ್ಕೇ ಹೊತ್ತು ಹಿಡಿಯಿತು. ಮಗಳು ಸೀಟಿನಲ್ಲಿ, ನಾನು ಬಾನೆಟ್ ಅಡಿ. ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ ಇನ್ನೊಂದು ತುದಿಯನ್ನು ಬಾಟಲಿಯಲ್ಲಿ ಸ್ವಲ್ಪ ಆಯಿಲ್ ಹಾಕಿ ಅದರಲ್ಲಿ ಮುಳುಗಿಸಿದೆ. "ಒತ್ತು. ಹಿಡ್ಕೊ." ನಿಪ್ಪಲ್ ಸಡಿಲಿಸಿದರೆ ಗುಳ್ಳೆ ಬರುತ್ತದೆ. ನಿಪ್ಪಲ್ ಮುಚ್ಚಿ, "ಈಗ ಬಿಡು."

"ಅಪ್ಪಾ, ಮೇಲೆ ಬರ್ತಾನೇ ಇಲ್ಲ."

"ಕೈಯಲ್ಲಿ ಎತ್ತು ಪುಟ್ಟಾ. ಏರ್ ಇರೋ ತನಕ ತಾನಾಗೇ ಬರಲ್ಲ."

ನಿಪ್ಪಲ್ ಮುಚ್ಚುವ ಮುಂಚೆ ಪೆಡಲ್ ಬಿಟ್ಟರೆ ಹೊರಗಿನ ಗಾಳಿಯೇ ಒಳಗೆ ಹೋಗುತ್ತದೆ, ಅದಕ್ಕೇ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬೇಕು. ನಡುನಡುವೆ ಡಬ್ಬಿ ತುಂಬಿಸುತ್ತಿದ್ದೆ. ಟ್ಯೂಬಿನಲ್ಲಿ ಮೊದಲು ಕಪ್ಪು ಆಯಿಲ್, ಆಮೇಲೆ ಕಂದು, ಕೊನೆಗೆ ಹೊಸದರ ತಿಳಿ ಬಣ್ಣ ಬಂತು. ಗುಳ್ಳೆಯೂ ನಿಂತಿತು. ಆದರೆ ಪೆಡಲ್ ಮಾತ್ರ ಅರ್ಧಕ್ಕಿಂತ ಕೆಳಗೇ ಹಿಡಿಯುತ್ತಿತ್ತು. ಸ್ಪಂಜಿನ ಹಾಗಿತ್ತು.

ಮೇಸ್ತ್ರಿ ಬಂದು ಪೈಪ್ ನೋಡಿದರು. ಅಪ್ಪರ್‌ನಿಂದ ಹೊರಟ ಪೈಪು ಒಂದು ಕಡೆ ಲೋವರ್‌ಗಿಂತ ಎತ್ತರಕ್ಕೆ ಬಾಗಿ ಮತ್ತೆ ಇಳಿದಿತ್ತು. ಗಾಳಿ ಯಾವಾಗಲೂ ಎತ್ತರದಲ್ಲೇ ಉಳಿಯುವುದು. ನಾವು ಕೆಳಗಿನ ನಿಪ್ಪಲ್ಲಿನಿಂದ ಎಷ್ಟು ಎಳೆದರೂ ಆ ಬಾಗಿನಲ್ಲಿ ಕೂತ ಗಾಳಿ ಅತ್ತಿತ್ತ ಆಡುತ್ತಿತ್ತು ಅಷ್ಟೇ. ಅದನ್ನು ಕೆಳಗಿನಿಂದ ಮೇಲಕ್ಕೆ ತಳ್ಳಬೇಕು ಅಂದರು ಅವರು.

ನಿಪ್ಪಲ್ ಮುಚ್ಚಿ, ಪೈಪ್ ಬಿಚ್ಚದೆ ಲೋವರ್‌ನ ಎರಡು ಬೋಲ್ಟ್ ಮಾತ್ರ ತೆಗೆದು ಅದನ್ನು ಕೈಯಲ್ಲಿ ಹಿಡಿದೆ. "ಪೆಡಲ್ ಮುಟ್ಟಬೇಡ, ಕೆಳಗೆ ಇಳಿದುಬಿಡು" ಅಂತ ಮಗಳಿಗೆ ಹೇಳಿದೆ. ಲೋವರ್ ಹೀಗೆ ಬಿಡಿಯಾಗಿರುವಾಗ ಯಾರಾದರೂ ಪೆಡಲ್ ಒತ್ತಿದರೆ ಪಿಸ್ಟನ್ ಹಾರಿ ಹೊರಗೆ ಬರುತ್ತದೆ. ಡಬ್ಬಿಯಿಂದ ಸ್ವಲ್ಪ ಆಯಿಲ್ ತೆಗೆದು ಜಾಗ ಮಾಡಿಕೊಂಡೆವು. ಕಡ್ಡಿಯನ್ನು ಎರಡೂ ಹೆಬ್ಬೆರಳಿನಿಂದ ನಿಧಾನವಾಗಿ ಒಳಗೆ ಒತ್ತಿದೆ. ಸ್ಪ್ರಿಂಗ್ ಎದುರು ಒತ್ತಬೇಕು, ಬೆರಳು ನೋಯುತ್ತದೆ. ಮಗಳು ಡಬ್ಬಿಯೊಳಗೆ ಟಾರ್ಚ್ ಬಿಟ್ಟು ನೋಡುತ್ತಿದ್ದಳು.

"ಅಪ್ಪಾ, ಬಂತು! ದೊಡ್ಡ ಗುಳ್ಳೆ. ಇನ್ನೊಂದು ಬಂತು."

ನಿಧಾನಕ್ಕೆ ಬಿಡುವುದು, ಮತ್ತೆ ಒತ್ತುವುದು. ಗುಳ್ಳೆಗಳು ಸಣ್ಣದಾಗುತ್ತಾ ಹೋಗಿ ಕೊನೆಗೆ ಡಬ್ಬಿಯ ಆಯಿಲ್ ಬರೀ ಏರಿಳಿಯುವುದಷ್ಟೇ ಕಂಡಿತು. ಲೋವರ್ ಮತ್ತೆ ಕೂರಿಸಿ, ನಿಪ್ಪಲ್‌ನಿಂದ ಕೊನೆಯದಾಗಿ ಒಂದು ಸಲ ಏರ್ ತೆಗೆದೆವು. ಈಗ ಪೆಡಲ್ ಒತ್ತಿದರೆ ಮೊದಲಿನಿಂದಲೇ ಭಾರ ಗೊತ್ತಾಗುತ್ತಿತ್ತು, ಬಿಟ್ಟರೆ ತಾನಾಗೇ ಮೇಲೆ ಬರುತ್ತಿತ್ತು.

ಬ್ಯಾಟರಿ ಕೂರಿಸುವ ಮೊದಲು ಗೇರ್ ಬಾಕ್ಸಿನ ಮೇಲೆಲ್ಲ ಬಕೆಟ್ಟಿನಿಂದ ನೀರು ಹಾಕಿ ತೊಳೆದು, ಒರೆಸಿದೆ. ನೀರಿನಲ್ಲಿ ಕರಗುವ ಗುಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಳೆಯ ಆಯಿಲ್ಲನ್ನು ಚರಂಡಿಗೆ ಚೆಲ್ಲದೆ ಬಾಟಲಿಯಲ್ಲೇ ಇಟ್ಟು, ಗ್ಯಾರೇಜಿನವರ ವೇಸ್ಟ್ ಆಯಿಲ್ ಡ್ರಮ್ಮಿಗೂ ಸುರಿಯದೆ, ಬೇರೆಯಾಗಿಯೇ ಕೊಟ್ಟೆ.

ಸರಿಹೋಗಿದೆಯಾ ಅಂತ ನೋಡುವುದಕ್ಕೆ ಮೇಸ್ತ್ರಿ ಹೇಳಿದ ಪರೀಕ್ಷೆಗಳು ಇವು. ಸಮತಟ್ಟಾದ ಜಾಗದಲ್ಲಿ ಎಂಜಿನ್ ಓಡುತ್ತಿರುವಾಗ ಕ್ಲಚ್ ಪೂರ್ತಿ ಒತ್ತಿ ಫಸ್ಟ್ ಗೇರ್ ಹಾಕಿ, ಬ್ರೇಕ್ ಬಿಟ್ಟು ನಿಲ್ಲಬೇಕು. ಕಾರು ಒಂದಿಂಚೂ ಮುಂದಕ್ಕೆ ತೆವಳಬಾರದು. ಮುಂದೆ ಯಾರೂ ಇಲ್ಲದ ಕಡೆ ಮಾಡಿ. ಎರಡನೆಯದು, ಹಾಗೇ ಒತ್ತಿ ಹಿಡಿದು ಒಂದು ನಿಮಿಷ ಕೂತಿರುವುದು. ಹೊರಗೆ ಸೋರದೆಯೂ ಅಪ್ಪರ್‌ನ ಒಳಗಿನ ಕಪ್ ಆಯಿಲ್ಲನ್ನು ಹಿಂದಕ್ಕೆ ಬಿಡಬಹುದು, ಆಗ ಕಾರು ಸ್ವಲ್ಪ ಹೊತ್ತಿನ ಮೇಲೆ ತೆವಳಲು ಶುರುಮಾಡುತ್ತದೆ. ನಮ್ಮದು ಅಲ್ಲಾಡಲಿಲ್ಲ. ಮೂರನೆಯದು, ಕ್ಲಚ್ ಒತ್ತಿ ಹಿಡಿದು ಮೂರ್ನಾಲ್ಕು ಸೆಕೆಂಡ್ ಕಾದು ರಿವರ್ಸ್ ಹಾಕುವುದು. ಸದ್ದಿಲ್ಲದೆ ಬಿತ್ತು.

ಲೋವರ್, ಆಯಿಲ್, ಬಸ್ಸಿನ ಪಾರ್ಸೆಲ್ ಎಲ್ಲ ಸೇರಿ 2,000 ರೂಪಾಯಿಯೊಳಗೆ ಮುಗಿಯಿತು. ಮೇಸ್ತ್ರಿ ದುಡ್ಡು ಮುಟ್ಟಲಿಲ್ಲ, ಕಾಫಿ ಮಾತ್ರ ಕುಡಿದರು. ಕ್ಲಚ್ ಪ್ಲೇಟ್ ಮೊದಲಿನದೇ ಇದೆ, ಏರಿನಲ್ಲಿ ಚೆನ್ನಾಗಿ ಹಿಡಿಯುತ್ತಿದೆ. ಡಬ್ಬಿಯ ಮೇಲೆ ಆಯಿಲ್ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದಿದ್ದೇನೆ, ಮಟ್ಟ ಅಲ್ಲೇ ನಿಂತಿದೆ. ಅಪ್ಪರ್ ಮುಟ್ಟಿಲ್ಲ. ಅದಕ್ಕೂ ಲೋವರ್‌ನಷ್ಟೇ ವಯಸ್ಸಾಗಿದೆ, ಹೊಸ ಲೋವರ್ ಬಂದ ಮೇಲೆ ಹಳೆಯ ಅಪ್ಪರ್ ಕೈಕೊಡುವುದು ಉಂಟು ಅಂತ ಮೇಸ್ತ್ರಿ ಎಚ್ಚರಿಸಿದ್ದಾರೆ. ಹಾಗಾಗಿ ಕಾರು ತೊಳೆಯುವಾಗೆಲ್ಲ ಪೆಡಲ್ ಮೇಲಿನ ಕಡ್ಡಿಗೆ ಒಂದು ಟಿಶ್ಯೂ ಸವರಿ ನೋಡುತ್ತೇನೆ. ಈವರೆಗೆ ಒಣಗಿಯೇ ಇದೆ. ಮಳೆಗಾಲ ಮುಗಿದ ಮೇಲೆ ನಾಲ್ಕು ಚಕ್ರದ ಬ್ರೇಕ್ ಆಯಿಲ್ಲನ್ನೂ ಬದಲಿಸುವುದಿದೆ.